ನೆಲನೆಲ್ಲಿ ಗುರ್ತು ಹಿಡಿಯೋದು ಹೇಗೆ? ಕಡ್ಡಿ ಮಗುಚಿ ನೋಡಿ

ಮುಂಗಾರು ಶುರುವಾಗಿ ಹದಿನೈದು ದಿನ ಆಗೋದ್ರೊಳಗೆ ನಮ್ಮ ಮನೆಯವ್ರ ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೋ ಬಂದೇ ಬರತ್ತೆ. ಅಂಗಳದಲ್ಲೋ ಕುಂಡದಲ್ಲೋ ಎದ್ದಿರೋ ಗೇಣುದ್ದದ ಗಿಡ, ಹುಣಸೆ ಚಿಗುರಿನ ಥರ ಎಲೆ, ಕೆಳಗೆ ಒಂದೇ ಪ್ರಶ್ನೆ, "ಇದು ನೆಲನೆಲ್ಲಿನಾ?". ಫೋಟೋ ಯಾವಾಗ್ಲೂ ಮೇಲಿಂದಾನೇ ತೆಗ್ದಿರ್ತಾರೆ, ಮೇಲಿಂದ ನೋಡಿದ್ರೆ ನೆಲನೆಲ್ಲಿನೂ ಹಾಗೇ ಕಾಣ್ಸತ್ತೆ, ಅದರ ನಾಲ್ಕೈದು ದಾಯಾದಿಗಳೂ ಹಾಗೇ ಕಾಣ್ಸ್ತವೆ, ಈಗ ತಾನೇ ಮೊಳೆತ ಹುಣಸೆ ಸಸಿ ಕೂಡ ಹೆಚ್ಚು ಕಮ್ಮಿ ಹಾಗೇ. ಹಾಗಾಗಿ ನಾನು ಪ್ರತಿ ಸಲ ಒಂದೇ ಉತ್ತರ ಬರೀತೀನಿ, ಒಂದು ಕಡ್ಡಿ ಮುರ್ಕೊಂಡು, ಮಗುಚಿ, ಅಂಗೈ ಮೇಲೆ ಇಟ್ಕೊಂಡು ಇನ್ನೊಂದು ಫೋಟೋ ಕಳ್ಸಿ ಅಂತ.

ಇದನ್ನ ನಂಗೆ ಕಲ್ಸಿದ್ದು ನಮ್ಮಜ್ಜಿ. ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟದ ಕಪ್ಪಿನ (ಸಾಲುಗಳ ನಡುವಿನ ನೀರಿನ ಕಾಲುವೆಯ) ಅಂಚಲ್ಲಿ ತಂಬುಳಿಗೆ ಸೊಪ್ಪು ಕೊಯ್ಯೋಕೆ ಹೋದ್ರೆ ಅಜ್ಜಿ ಗಿಡದ ಮೇಲ್ಭಾಗ ನೋಡ್ತಾನೇ ಇರ್ಲಿಲ್ಲ. ಕಡ್ಡಿ ಹಿಡ್ದು ಮಗುಚಿ, ಹೆಬ್ಬೆರಳಿಂದ ಒಂದು ಸಲ ಸವರಿ, ಮಡ್ಲಿಗೆ ಹಾಕ್ಕೊಳೋರು ಇಲ್ಲಾ ಬಿಸಾಕೋರು. ಆಗ ನಂಗೆ ಅದೊಂದು ಅಭ್ಯಾಸ ಅಷ್ಟೇ ಅನ್ಸಿತ್ತು. ಸಸ್ಯಶಾಸ್ತ್ರದ ಪುಸ್ತಕ ಓದೋಕೆ ಶುರು ಮಾಡಿದ್ಮೇಲೆ ಗೊತ್ತಾಯ್ತು, ಈ ಗುಂಪಿನ ಗಿಡಗಳನ್ನ ಬೇರೆ ಬೇರೆ ಮಾಡೋಕೆ ಸಸ್ಯ ವಿಜ್ಞಾನಿಗಳು ನೋಡೋದೂ ಅದೇ ಜಾಗವನ್ನೇ, ಕಡ್ಡಿಯ ಹಿಂಬದಿಯ ಹೂ ಮತ್ತೆ ಕಾಯಿ. ತಮಿಳ್ನವ್ರು ಇದನ್ನ ಕೀಳಾನೆಲ್ಲಿ ಅಂತಾರೆ, ಕೀಳ್ ಅಂದ್ರೆ ಕೆಳಗೆ, ಎಲೆ ಕೆಳಗೆ ನೆಲ್ಲಿಕಾಯಿ ಇರೋ ಗಿಡ ಅಂತ. ಎಲ್ಲಿ ನೋಡ್ಬೇಕು ಅನ್ನೋದನ್ನ ಹೆಸರೇ ಹೇಳತ್ತೆ.

ನಮ್ಮಲ್ಲಿ ನೆಲನೆಲ್ಲಿ ಅಂತ ಕರೆಯೋ ಈ ಗಿಡದ ವೈಜ್ಞಾನಿಕ ಹೆಸರು ಫಿಲಾಂಥಸ್ ಅಮಾರಸ್. ಅಮಾರಸ್ ಅಂದ್ರೆ ಲ್ಯಾಟಿನ್‌ನಲ್ಲಿ ಕಹಿ, ಒಂದೆರಡು ಎಲೆ ಬಾಯಿಗೆ ಹಾಕ್ಕೊಂಡವ್ರಿಗೆ ಆ ಹೆಸರು ಯಾಕೆ ಬಂತು ಅಂತ ಹೇಳ್ಬೇಕಾಗಿಲ್ಲ. ಸಂಸ್ಕೃತದಲ್ಲಿ ಭೂಮ್ಯಾಮಲಕಿ. ಕೆಲವು ಕಡೆ ಕಿರುನೆಲ್ಲಿ ಅಂತಾನೂ ಅಂತಾರೆ, ಆದ್ರೆ ಉಪ್ಪಿನಕಾಯಿ ಹಾಕೋ ಹುಳಿ ನೆಲ್ಲಿಕಾಯಿಯ ಮರಕ್ಕೂ ಅದೇ ಹೆಸರು ಇರೋದ್ರಿಂದ ನಾನು ಆ ಹೆಸರು ಬಳಸಲ್ಲ. ಗದ್ದೆ ಬದು, ತೋಟ, ರಾಗಿ ಹೊಲ, ಮನೆ ಹಿತ್ಲು, ಕಾಂಪೌಂಡ್ ಗೋಡೆಯ ಬಿರುಕು, ಟೆರೇಸ್ ಮೇಲಿನ ಗುಲಾಬಿ ಕುಂಡ, ತೇವ ಇರೋ ಕಡೆ ಎಲ್ಲಾ ಬರತ್ತೆ. ಮಳೆಗಾಲದಲ್ಲಿ ಜಾಸ್ತಿ, ನೀರು ಹಾಕೋ ಜಾಗದಲ್ಲಿ ವರ್ಷಪೂರ್ತಿ. ಎತ್ತರ ಸಾಮಾನ್ಯವಾಗಿ ಗೇಣಿಂದ ಮೊಳದವರೆಗೆ, ಗೊಬ್ಬರ ಚೆನ್ನಾಗಿರೋ ಜಾಗದಲ್ಲಿ 60 ಸೆಂಟಿಮೀಟರ್ ತನಕ ಹೋಗತ್ತೆ. ಒಂದು ವರ್ಷದೊಳಗೆ ಹುಟ್ಟಿ, ಕಾಯಿ ಬಿಟ್ಟು, ಒಣಗಿ ಹೋಗೋ ಗಿಡ.

ಈಗ ಮೊದಲನೇ ಕೆಲಸ, ಕೈಯಲ್ಲಿರೋದು ನೆಲ್ಲಿ ಜಾತಿದಾ ಅಲ್ವಾ ಅಂತ ನೋಡೋದು. ಇಲ್ಲಿ ಎಲ್ರೂ ಎಡವೋ ಒಂದು ವಿಷಯ ಇದೆ. ನೆಲನೆಲ್ಲಿಯಲ್ಲಿ ಹುಣಸೆ ಎಲೆ ಥರ ಕಾಣೋ ಆ ಸಾಲು ಇದ್ಯಲ್ಲ, ಅದು ಎಲೆ ಅಲ್ಲ, ಅದೊಂದು ಸಣ್ಣ ಕೊಂಬೆ. ಹುಣಸೆಯಲ್ಲಿ ಇಡೀ ಸಾಲು ಸೇರಿ ಒಂದು ಎಲೆ, ಅದರಲ್ಲಿರೋ ಚಿಕ್ಕ ಚಿಕ್ಕವು ಆ ಎಲೆಯ ಭಾಗಗಳು, ಅವುಗಳ ಬುಡದಲ್ಲಿ ಯಾವತ್ತೂ ಹೂ ಬಿಡಲ್ಲ. ನೆಲನೆಲ್ಲಿಯಲ್ಲಿ ಪ್ರತಿ ಚಿಕ್ಕ ಎಲೆನೂ ಒಂದೊಂದು ಪೂರ್ತಿ ಎಲೆ, ಅದಕ್ಕೇ ಪ್ರತಿ ಎಲೆ ಬುಡದಲ್ಲೂ ಹೂವು ಇಲ್ಲಾ ಕಾಯಿ ಇರತ್ತೆ. ಫಿಲಾಂಥಸ್ ಅನ್ನೋ ಗ್ರೀಕ್ ಹೆಸರಿನ ಅರ್ಥಾನೂ ಎಲೆ-ಹೂ ಅಂತಾನೇ. ತುಳಸಿ ಹಬ್ಬದ ದಿನ ತುಳಸಿಕಟ್ಟೆಗೆ ನೆಡೋ ನೆಲ್ಲಿ ಕೊಂಬೆ ನೋಡಿರ್ತೀರಲ್ಲ, ಬೆಟ್ಟದ ನೆಲ್ಲಿದು, ಅದರಲ್ಲೂ ಇದೇ ಕಥೆ, ಹಕ್ಕಿ ಗರಿ ಥರ ಕಾಣೋ ಕಡ್ಡಿಗೆ ಅಂಟ್ಕೊಂಡು ಕಾಯಿ ಇರತ್ತೆ. ಎರಡೂ ಒಂದೇ ಫಿಲಾಂಥಸ್ ಕುಲಕ್ಕೆ ಸೇರಿದ್ದು, ಒಂದು ಮರ ಆಯ್ತು, ಇನ್ನೊಂದು ನೆಲದಲ್ಲೇ ಉಳೀತು. ನೆಲದ ನೆಲ್ಲಿ ಅಂತ ಹೆಸರಿಟ್ಟವ್ರ ಕಣ್ಣು ಎಷ್ಟು ಚುರುಕಾಗಿತ್ತು ನೋಡಿ, ಮೈಕ್ರೋಸ್ಕೋಪ್ ಇಲ್ದೇನೇ ಸಂಬಂಧ ಕಂಡು ಹಿಡ್ದಿದ್ರು.

ಆಮೇಲೆ ನಡುವಿನ ಕಾಂಡ ನೋಡಿ. ನೆಟ್ಟಗೆ ನಿಂತಿರೋ ಮುಖ್ಯ ಕಾಂಡದ ಮೇಲೆ ಹಸಿರು ಎಲೆ ಇರಲ್ಲ, ಕಡ್ಡಿ ಹೊರಡೋ ಜಾಗದಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹೊಟ್ಟಿನಂಥ ಚೂರು ಮಾತ್ರ ಇರತ್ತೆ. ಎಲೆ ಎಲ್ಲಾ ಪಕ್ಕಕ್ಕೆ ಚಾಚಿರೋ ಕಡ್ಡಿಗಳ ಮೇಲೇ. ವಯಸ್ಸಾದ ಗಿಡದಲ್ಲಿ ಆ ಕಡ್ಡಿ ಎಲೆ ಉದುರೋ ಹಾಗೆ ಪೂರ್ತಿಯಾಗಿ ಕಳಚ್ಕೊಂಡು ಬೀಳತ್ತೆ, ಅದಕ್ಕೇ ಹಳೇ ಗಿಡಗಳು ಕೆಳಗೆ ಬೋಳು ಮೇಲೆ ಕೊಡೆ ಥರ ಕಾಣ್ಸೋದು. ಈ ಬೋಳು ಕಾಂಡದ ಗುರ್ತನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಎರಡು ದಾಯಾದಿಗಳನ್ನ ಇದೊಂದರಿಂದಾನೇ ಆಚೆ ಹಾಕ್ಬೋದು.

ಮೂರನೇದು ಹಾಲು. ಕಾಂಡ ಚಿವುಟಿದಾಗ ಬಿಳಿ ಹಾಲು ಬಂತು ಅಂದ್ರೆ ಅದು ನೆಲನೆಲ್ಲಿ ಅಲ್ವೇ ಅಲ್ಲ, ಮುಂದೆ ನೋಡೋದೇ ಬೇಡ. ಅದು ಯೂಫೋರ್ಬಿಯಾ ಗುಂಪಿನದ್ದು, ನೆಲಕ್ಕೆ ಅಂಟ್ಕೊಂಡು ಹಬ್ಬೋದೂ ಇದೆ, ನೆಟ್ಟಗೆ ಏಳೋದೂ ಇದೆ, ಅವುಗಳ ಎಲೆ ಎದುರು ಬದುರು ಜೋಡಿಯಾಗಿರತ್ತೆ, ನೆಲನೆಲ್ಲಿದು ಒಂದು ಈ ಕಡೆ ಒಂದು ಆ ಕಡೆ ಹೀಗೆ ಬಿಟ್ಟು ಬಿಟ್ಟು ಇರತ್ತೆ. ಆ ಹಾಲು ಕಣ್ಣಿಗೆ ಬಿದ್ರೆ ಉರಿ, ಹೊಟ್ಟೆಗೂ ಒಳ್ಳೇದಲ್ಲ. ಮೊದ್ಲು ನೆಲ್ಲಿನೂ ಯೂಫೋರ್ಬಿಯಾನೂ ಒಂದೇ ಕುಟುಂಬ ಅಂತಾನೇ ಲೆಕ್ಕ ಇತ್ತು, ಈಗ ನೆಲ್ಲಿ ಗುಂಪಿಗೆ ಫಿಲಾಂಥೇಸಿ ಅಂತ ಬೇರೆ ಮನೆ ಮಾಡಿ ಕೊಟ್ಟಿದಾರೆ. ಇನ್ನು ನಾಚಿಕೆ ಮುಳ್ಳಿನ ಎಳೆ ಸಸಿ ಮುಟ್ಟಿದ ತಕ್ಷಣ ಮಡಚ್ಕೊಳತ್ತೆ, ಅದು ಗೊಂದಲ ಇಲ್ಲ. ನೆಲನೆಲ್ಲಿ ಎಲೆನೂ ಮಡಚ್ಕೊಳತ್ತೆ, ಆದ್ರೆ ಸಂಜೆ ಆದ್ಮೇಲೆ ನಿಧಾನಕ್ಕೆ. ರಾತ್ರಿ ಟಾರ್ಚ್ ಹಾಕಿ ನೋಡಿದವ್ರು ಗಿಡ ಬಾಡಿದೆ ಅಂತ ನೀರು ಹಾಕೋದುಂಟು, ಬೇಕಾಗಿಲ್ಲ, ಬೆಳಿಗ್ಗೆ ತಾನಾಗೇ ಬಿಚ್ಕೊಳತ್ತೆ.

ಈಗ ಅಸಲಿ ನೆಲನೆಲ್ಲಿಯ ಕಡ್ಡಿ ಮಗುಚಿದ್ರೆ ಏನು ಕಾಣ್ಬೇಕು ಅಂತ ಹೇಳ್ತೀನಿ. ಎಲೆಗಳು ಉದ್ದಕ್ಕೆ ಅರ್ಧ ಸೆಂಟಿಮೀಟರಿಂದ ಒಂದು ಸೆಂಟಿಮೀಟರ್, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ತುದಿ ದುಂಡಗೆ, ಮೇಲ್ಗಡೆ ಹಸಿರು, ಹಿಂಬದಿ ಸ್ವಲ್ಪ ಬೂದು ಬಣ್ಣ, ಮುಟ್ಟಿದ್ರೆ ಮೆತ್ತಗೆ ನುಣ್ಣಗೆ. ಕಾಯಿ ದಪ್ಪ ಸಾಸಿವೆ ಕಾಳಷ್ಟು, ಸುಮಾರು 2 ಮಿಲಿಮೀಟರ್, ತಿಳಿ ಹಸಿರು, ಪೂರ್ತಿ ನುಣ್ಣಗೆ, ಮೇಲಿಂದ ಸ್ವಲ್ಪ ಅಮುಕಿದ ಹಾಗೆ ಚಪ್ಪಟೆ. ಮುಖ್ಯವಾದದ್ದು ಏನಂದ್ರೆ ಕಾಯಿಗೆ ತೊಟ್ಟು ಇರತ್ತೆ, ಗಿಡ್ಡ ತೊಟ್ಟು, ಒಂದೆರಡು ಮಿಲಿಮೀಟರ್ ಅಷ್ಟೇ, ಆದ್ರೆ ಇರತ್ತೆ, ಕಾಯಿ ಕಡ್ಡಿಯಿಂದ ಸ್ವಲ್ಪ ಕೆಳಗೆ ನೇತಾಡತ್ತೆ. ಮಕ್ಕಳ ಜುಮ್ಕಿ ಸಾಲಾಗಿ ನೇತು ಹಾಕಿದ ಹಾಗೆ ಕಾಣ್ಸತ್ತೆ. ಕಾಯಿಯ ಬುಡದಲ್ಲಿ ಒಂದು ಪುಟ್ಟ ನಕ್ಷತ್ರ, ಐದು ಎಸಳು, ನಡುವೆ ಹಸಿರು ಅಂಚಲ್ಲಿ ಬಿಳಿ. ಆರಲ್ಲ, ಐದು. ಇದನ್ನ ಬರಿಗಣ್ಣಲ್ಲಿ ಎಣಿಸೋದು ಕಷ್ಟ, ಹತ್ತು ಪಟ್ಟು ದೊಡ್ಡದು ಮಾಡೋ ಲೆನ್ಸ್, ಅಕ್ಕಸಾಲಿಗರು ಕಣ್ಣಿಗೆ ಇಟ್ಕೊಳೋ ಅಂಥದ್ದು, ಇದ್ರೆ ಆರಾಮು. ಇಲ್ಲಾಂದ್ರೆ ಫೋನ್ ಕ್ಯಾಮೆರಾದಲ್ಲಿ ಹತ್ರದಿಂದ ತೆಗ್ದು ಆಮೇಲೆ ಝೂಮ್ ಮಾಡಿ, ಈಗಿನ ಫೋನ್‌ಗಳಲ್ಲಿ ಬೆಳಗಿನ ಬೆಳಕಿದ್ರೆ ಸಾಕಷ್ಟು ಚೆನ್ನಾಗಿ ಬರತ್ತೆ, ಹಿಂದೆ ಒಂದು ಕಪ್ಪು ಬಟ್ಟೆ ಹಿಡೀರಿ.

ಹೂವಿನ ಜೋಡಣೆನೂ ಇದರದ್ದು ಸ್ವಲ್ಪ ವಿಶೇಷ. ಕಡ್ಡಿಯ ಬುಡದ ಎರಡು ಮೂರು ಎಲೆಗಳ ಹತ್ರ ಬರೀ ಗಂಡು ಹೂ ಇರತ್ತೆ, ಅಲ್ಲಿಂದ ತುದಿವರೆಗೆ ಪ್ರತಿ ಎಲೆ ಬುಡದಲ್ಲೂ ಒಂದು ಗಂಡು ಒಂದು ಹೆಣ್ಣು ಜೋಡಿಯಾಗಿ ಇರತ್ತೆ. ಗಂಡು ಹೂ ಇನ್ನೂ ಸಣ್ಣದು, ಬೇಗ ಉದುರಿ ಹೋಗತ್ತೆ, ಆದ್ರಿಂದ ತುದಿಯ ಕಡೆ ಎಳೇದಾಗಿರೋ ಭಾಗ ನೋಡಿದ್ರೆ ಜೋಡಿ ಸಿಗತ್ತೆ. ಒಂದು ಸಲ ಈ ಜೋಡಿ ಕಣ್ಣಿಗೆ ಬಿದ್ರೆ ಆಮೇಲೆ ಅನುಮಾನ ಉಳಿಯಲ್ಲ.

ದಾಯಾದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡೋದು ಕೆಂಪು ನೆಲನೆಲ್ಲಿ, ಫಿಲಾಂಥಸ್ ಯೂರಿನೇರಿಯಾ. ಇದೂ ಅದೇ ಜಾಗದಲ್ಲಿ, ಎಷ್ಟೋ ಸಲ ಅದೇ ಕುಂಡದಲ್ಲಿ, ಅಕ್ಕ ಪಕ್ಕ ಬೆಳೆಯತ್ತೆ. ಕಾಂಡದಲ್ಲಿ ಕೆಂಪು ಛಾಯೆ ಇರತ್ತೆ, ಅದಕ್ಕೇ ಆ ಹೆಸರು, ಆದ್ರೆ ಬಣ್ಣ ಒಂದನ್ನೇ ನಂಬಬೇಡಿ, ನೆರಳಲ್ಲಿ ಬೆಳೆದ ಕೆಂಪು ನೆಲನೆಲ್ಲಿ ಹಸಿರಾಗೇ ಇರೋದನ್ನೂ ಬಿಸಿಲಲ್ಲಿ ಬೆಳೆದ ಅಸಲಿ ನೆಲನೆಲ್ಲಿಯ ಬುಡ ಕೆಂಪಾಗಿರೋದನ್ನೂ ನಾನು ನೋಡಿದೀನಿ. ಕಡ್ಡಿ ಮಗುಚಿ. ಕಾಯಿಗೆ ತೊಟ್ಟೇ ಇಲ್ಲ ಅನ್ನೋ ಹಾಗೆ ಕಡ್ಡಿಗೆ ಅಂಟ್ಕೊಂಡು ಕೂತಿರತ್ತೆ, ಸೀರೆ ಅಂಚಿಗೆ ಮಣಿ ಹೊಲಿದ ಹಾಗೆ ಬಿಗಿಯಾಗಿ ಒಂದೇ ಸಾಲು. ಕಾಯಿ ಮೈ ನುಣ್ಣಗಿಲ್ಲ, ಹಾಗಲಕಾಯಿಯ ಥರ ಸಣ್ಣ ಸಣ್ಣ ಗಂಟು, ಎಷ್ಟೋ ಸಲ ಕೆಂಪು ಮಚ್ಚೆ. ನಮ್ಮಜ್ಜಿ ಹೆಬ್ಬೆರಳಿಂದ ಸವರ್ತಿದ್ದಿದ್ದು ಇದಕ್ಕೇ, ನುಣ್ಣಗೆ ಅಲ್ಲಾಡಿದ್ರೆ ಮಡ್ಲಿಗೆ, ತರಿ ತರಿಯಾಗಿ ಅಲ್ಲಾಡ್ದೇ ಇದ್ರೆ ಆಚೆಗೆ. ಇನ್ನೊಂದು ಗುರ್ತು, ಎಲೆ ಅಂಚಲ್ಲಿ ತುಂಬಾ ಸಣ್ಣ ಒರಟು ಕೂದಲು, ತುದಿಯಿಂದ ಬುಡದ ಕಡೆ ಬೆರಳಾಡಿಸಿದ್ರೆ ಗೊತ್ತಾಗತ್ತೆ, ಎಲೆ ತುದಿಯಲ್ಲಿ ಸೂಜಿ ಮೊನೆಯಂಥ ಚೂಪು. ಕಾಯಿಗಳು ಕಡ್ಡಿಯ ಬುಡದ ಕಡೆ ಇರತ್ವೆ, ಗಂಡು ಹೂಗಳು ತುದಿ ಕಡೆ, ಅಂದ್ರೆ ಅಸಲಿಯಲ್ಲಿ ಇರೋ ಹಾಗೆ ಜೋಡಿ ಇಲ್ಲ. ಇದು ವಿಷದ ಗಿಡ ಅಲ್ಲ, ಇದಕ್ಕೂ ಬೇರೆ ಬೇರೆ ಕಡೆ ಮನೆಮದ್ದಿನ ಬಳಕೆ ಇದೆ, ಆದ್ರೆ ಇದು ಬೇರೆ ಗಿಡ, ಅದರ ಜಾಗದಲ್ಲಿ ಇದನ್ನ ಹಾಕೋಕೆ ಬರಲ್ಲ.

ಬೆಂಗಳೂರಿಗೆ ಬಂದ್ಮೇಲೆ ನಂಗೆ ಪರಿಚಯ ಆದ ದಾಯಾದಿ ಇನ್ನೊಂದು, ಫಿಲಾಂಥಸ್ ಟೆನೆಲ್ಲಸ್. ಇದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರೋ ಹೆಸರು ನಾನು ಕೇಳಿಲ್ಲ, ನಮ್ಮಜ್ಜಿ ಇದನ್ನ ನೋಡಿರ್ಲೂ ಇಲ್ಲ, ಯಾಕಂದ್ರೆ ಇದರ ಮೂಲ ಮಾರಿಷಸ್ ಕಡೆಯ ಮ್ಯಾಸ್ಕರೀನ್ ದ್ವೀಪಗಳು, ನರ್ಸರಿ ಕುಂಡಗಳ ಮಣ್ಣಲ್ಲಿ ಕೂತು ಊರೂರು ತಿರುಗ್ತಿರೋ ಕಳೆ ಇದು. ನರ್ಸರಿಯಿಂದ ತಂದ ಗಿಡದ ಬುಡದಲ್ಲಿ ತಾನಾಗೇ ನೆಲನೆಲ್ಲಿ ಬಂತು ಅಂತ ಖುಷಿ ಪಡೋರು ಒಂದ್ಸಲ ನೋಡ್ಕೊಳ್ಳಿ. ಎಲೆ ಸ್ವಲ್ಪ ದೊಡ್ಡದು, ಅಗಲ, ಕೆಲವು ಎರಡು ಸೆಂಟಿಮೀಟರ್ ದಾಟತ್ತೆ, ತೆಳ್ಳಗೆ, ಒಟ್ಟಾರೆ ಹುಣಸೆ ಸೊಪ್ಪಿಗಿಂತ ನುಗ್ಗೆ ಸೊಪ್ಪನ್ನ ನೆನಪಿಸತ್ತೆ. ಇದರ ಖಚಿತ ಗುರ್ತು ಕಾಯಿಯ ತೊಟ್ಟು. ಕೂದಲೆಳೆಯಷ್ಟು ಸಪೂರ, ಉದ್ದ ಎಷ್ಟಂದ್ರೆ ಐದಾರು ಮಿಲಿಮೀಟರ್, ಕಾಯಿ ಎಲೆಯ ಅಡಿಯಲ್ಲಿ ಅಡಗಿ ಕೂರೋ ಬದ್ಲು ದಾರಕ್ಕೆ ಕಟ್ಟಿದ ಹಾಗೆ ಎತ್ಲಾಗಾದ್ರೂ ವಾಲಿರತ್ತೆ, ಗಾಳಿ ಬಂದ್ರೆ ಅಲ್ಲಾಡತ್ತೆ. ಅಂದ್ರೆ ಮೂರನ್ನ ತೊಟ್ಟಿಂದಾನೇ ನೆನಪಿಟ್ಕೋಬೋದು, ಕೆಂಪಿಗೆ ತೊಟ್ಟಿಲ್ಲ, ಅಸಲಿಗೆ ಗಿಡ್ಡ ತೊಟ್ಟು, ನರ್ಸರಿಯದ್ದಕ್ಕೆ ಉದ್ದ ತೊಟ್ಟು. ಮನೆಯಂಗಳದಲ್ಲಿ ಬರೋ ಗೊಂದಲದಲ್ಲಿ ಹೆಚ್ಚಿನ ಪಾಲು ಇಷ್ಟಕ್ಕೇ ಬಗೆಹರಿಯತ್ತೆ.

ಬೋಳು ಕಾಂಡದ ಗುರ್ತು ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಅದು ಈಗ ಬೇಕು. ಬಯಲು ಸೀಮೆಯ ಹೊಲಗಳಲ್ಲಿ ಸಿಗೋ ಫಿಲಾಂಥಸ್ ಮಡೆರಾಸ್ಪಟೆನ್ಸಿಸ್, ಮದರಾಸಿನ ಹೆಸರಿಟ್ಕೊಂಡಿರೋದು, ಅದರಲ್ಲಿ ಮುಖ್ಯ ಕಾಂಡದ ಮೇಲೂ ಎಲೆ ಇರತ್ತೆ, ಎಲೆ ಆಕಾರ ಬೆಣೆ ಥರ, ಬುಡದಲ್ಲಿ ಸಪೂರ ತುದಿಯಲ್ಲಿ ಅಗಲ, ಆ ಅಗಲದ ನಡುವೆ ಒಂದು ಚೂಪು ಮೊನೆ. ಬುಡ ಗಟ್ಟಿಯಾಗಿ ಕಟ್ಟಿಗೆ ಥರ ಆಗಿರತ್ತೆ. ಹುಲ್ಲಿನ ನಡುವೆ ಬರೋ ಫಿಲಾಂಥಸ್ ವಿರ್ಗಾಟಸ್ ಕೂಡ ಹಾಗೇ ಕಾಂಡದ ಮೇಲೇ ಎಲೆ, ಎಲೆ ಉದ್ದಕ್ಕೆ ಕಿರಿದಾಗಿ ಒಂದೆರಡು ಸೆಂಟಿಮೀಟರ್. ಇವೆರಡನ್ನ ಗುರ್ತು ಹಿಡಿಯೋದು ಕಷ್ಟ ಅಲ್ಲ.

ಕಷ್ಟ ಇರೋದು ಫ್ರಾಟರ್ನಸ್ ಮತ್ತೆ ಡೆಬಿಲಿಸ್ ಅನ್ನೋ ಎರಡರಲ್ಲಿ. ಕಾಯಿ ನುಣ್ಣಗೆ, ಗಿಡ್ಡ ತೊಟ್ಟು, ಬೋಳು ಕಾಂಡ, ಎಲ್ಲಾ ಅಸಲಿ ಥರಾನೇ. ಇಲ್ಲಿ ಲೆನ್ಸ್ ಇಲ್ದೇ ಆಗಲ್ಲ. ಕಾಯಿ ಬುಡದ ನಕ್ಷತ್ರದಲ್ಲಿ ಇವೆರಡಕ್ಕೂ ಆರು ಎಸಳು, ಅಸಲಿಗೆ ಐದು. ಜೊತೆಗೆ ಇವುಗಳ ಕಡ್ಡಿಯಲ್ಲಿ ಗಂಡು ಹೂಗಳು ಬುಡದ ಕಡೆ, ಹೆಣ್ಣು ಹೂ ತುದಿ ಕಡೆ, ಬೇರೆ ಬೇರೆ ಇರತ್ತೆ, ಒಂದೇ ಎಲೆ ಬುಡದಲ್ಲಿ ಗಂಡು ಹೆಣ್ಣು ಜೋಡಿ ಇರಲ್ಲ. ಒಂದು ಎಸಳು ಮುರಿದು ಹೋಗಿ ಲೆಕ್ಕ ತಪ್ಪೋದುಂಟು, ಅದಕ್ಕೆ ಒಂದೇ ಕಾಯಿ ನೋಡಿ ನಿರ್ಧಾರ ಮಾಡ್ಬೇಡಿ, ನಾಲ್ಕೈದು ಕಾಯಿ ಎಣಿಸಿ. ಫ್ರಾಟರ್ನಸ್ ಗುಜರಾತ್ ರಾಜಸ್ಥಾನದಂಥ ಒಣ ಸೀಮೆಗಳಲ್ಲಿ ಹೆಚ್ಚು, ನಮ್ಮ ಮಲೆನಾಡಲ್ಲಿ ಕರಾವಳಿಯಲ್ಲಿ ಕೈಗೆ ಸಿಗೋದು ಬಹುತೇಕ ಅಮಾರಸ್ಸೇ.

ಬೀಜದಿಂದಾನೂ ಪರೀಕ್ಷೆ ಮಾಡ್ಬೋದು, ಮಕ್ಕಳ ಜೊತೆ ಮಾಡೋಕೆ ಇದು ತುಂಬಾ ಚೆನ್ನಾಗಿರತ್ತೆ. ಬಲಿತ ಕಾಯಿ ಇರೋ ಒಂದೆರಡು ಕಡ್ಡಿನ ಬಿಳಿ ಹಾಳೆ ಮೇಲಿಟ್ಟು, ಮೇಲೆ ಒಂದು ಗಾಜಿನ ಲೋಟ ಬೋರಲು ಹಾಕಿ ಬಿಸಿಲು ಬೀಳೋ ಕಿಟಕಿ ಹತ್ರ ಇಡಿ. ಕಾಯಿ ಒಣಗ್ತಾ ಸಿಡಿಯತ್ತೆ, ಬೀಜ ಹಾಳೆ ತುಂಬಾ ಚೆಲ್ಲಿರತ್ತೆ, ಲೋಟ ಇಡ್ದೇ ಹೋದ್ರೆ ಬೀಜ ಹುಡ್ಕೋಕೆ ಆಗಲ್ಲ. ಒಂದು ಕಾಯಿಗೆ ಮೂರು ಕೋಣೆ, ಕೋಣೆಗೆ ಎರಡರಂತೆ ಆರು ಬೀಜ, ಒಂದೊಂದೂ ಒಂದು ಮಿಲಿಮೀಟರ್ ಇರತ್ತೆ ಅಷ್ಟೇ, ಕಿತ್ತಳೆ ತೊಳೆಯ ಆಕಾರ. ಲೆನ್ಸಲ್ಲಿ ಬೆನ್ನು ನೋಡಿ. ಅಸಲಿ ನೆಲನೆಲ್ಲಿಯ ಬೀಜದ ಬೆನ್ನ ಮೇಲೆ ಉದ್ದುದ್ದಕ್ಕೆ ಐದಾರು ಏಣುಗಳು, ನೇಗಿಲ ಸಾಲಿನ ಥರ. ಕೆಂಪು ನೆಲನೆಲ್ಲಿ ಬೀಜದಲ್ಲಿ ಏಣುಗಳು ಅಡ್ಡಡ್ಡಕ್ಕೆ. ಗಿಡ ಒಣಗಿ ಪುಡಿ ಪುಡಿಯಾಗಿದ್ರೂ, ಎಲೆ ಎಲ್ಲಾ ಉದುರಿ ಹೋಗಿದ್ರೂ ಬೀಜ ಸಿಕ್ರೆ ಸಾಕು ಇವೆರಡನ್ನ ಬೇರೆ ಮಾಡ್ಬೋದು. ಗಂಧಿಗೆ ಅಂಗಡಿಯಿಂದ, ಅಂದ್ರೆ ಗಿಡಮೂಲಿಕೆ ಮಾರೋ ಅಂಗಡಿಯಿಂದ, ಒಣಗಿದ್ದು ತರೋರಿಗೆ ಇದು ಉಪಯೋಗಕ್ಕೆ ಬರತ್ತೆ, ಕಟ್ಟು ಬಿಚ್ಚಿ ಹಾಳೆ ಮೇಲೆ ಕೊಡವಿದ್ರೆ ತಳದಲ್ಲಿ ಬೀಜ ಉದುರೇ ಉದುರತ್ತೆ.

ಅಂಗಡಿ ಮಾತು ಬಂತು ಅಂತ ಹೇಳ್ತೀನಿ. ಬೆಂಗಳೂರಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ದಕ್ಷಿಣ ಭಾರತದ 25 ಅಂಗಡಿಗಳಿಂದ ನೆಲನೆಲ್ಲಿ ತಂದು ಡಿಎನ್‌ಎ ಕೂಡ ಬಳಸಿ ಪರೀಕ್ಷೆ ಮಾಡಿದ್ರು. 76 ಶೇಕಡಾ ಅಂಗಡಿಗಳ ಮಾಲಲ್ಲಿ ಇದ್ದಿದ್ದು ಹೆಚ್ಚು ಕಮ್ಮಿ ಪೂರ್ತಿ ಅಮಾರಸ್ಸೇ, ಉಳಿದ 24 ಶೇಕಡಾದಲ್ಲಿ ಡೆಬಿಲಿಸ್, ಫ್ರಾಟರ್ನಸ್, ಯೂರಿನೇರಿಯಾ, ಮಡೆರಾಸ್ಪಟೆನ್ಸಿಸ್ ಮತ್ತೆ ಕೋಳಿಕ್ಕೋಡಿನ ಹೆಸರಿರೋ ಇನ್ನೊಂದು, ಹೀಗೆ ಐದು ಜಾತಿ ಸೇರ್ಕೊಂಡಿದ್ವು. ಬೇಕೂಂತ ಕಲಬೆರಕೆ ಮಾಡಿರ್ಬೇಕು ಅಂತೇನಿಲ್ಲ, ಕಾಡು ಮೇಡಿಂದ ಕಿತ್ತು ತರೋರು ಮೇಲಿಂದ ನೋಡಿ ಕಿತ್ತಿದ್ರೂ ಹೀಗಾಗತ್ತೆ.

ಇನ್ನೊಂದು ಗೊಂದಲ ಹೆಸರಿಂದು. ಎಷ್ಟೋ ಪುಸ್ತಕ, ಔಷಧದ ಬಾಟಲಿ, ಯೂಟ್ಯೂಬ್ ವಿಡಿಯೋಗಳಲ್ಲಿ ನೆಲನೆಲ್ಲಿಗೆ ಫಿಲಾಂಥಸ್ ನಿರೂರಿ ಅಂತ ಇರತ್ತೆ. ಸ್ವೀಡನ್ನಿನ ಸಸ್ಯ ವಿಜ್ಞಾನಿ ಲಿನೇಯಸ್ 1753ರಲ್ಲಿ ಇಟ್ಟ ಆ ಹೆಸರಿನ ಗಿಡ ಅಮೆರಿಕ ಖಂಡದ ಕಡೆಯದ್ದು, ನಮ್ಮ ನೆಲದಲ್ಲಿ ಬೆಳೆಯೋದು ಅದಲ್ಲ. 1985ರಲ್ಲಿ ಭಾರತದ ಸಸ್ಯ ವಿಜ್ಞಾನಿಗಳಾದ ಮಿತ್ರ ಮತ್ತೆ ಜೈನ್ ಇದನ್ನ ಕೂತು ಬಿಡಿಸಿ ನೋಡಿ, ನಮ್ಮ ಪುಸ್ತಕಗಳಲ್ಲಿ ನಿರೂರಿ ಅಂತ ಬರ್ಕೊಂಡು ಬಂದಿದ್ದು ಅಸಲಿಗೆ ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಅನ್ನೋ ಮೂರು ಗಿಡಗಳು ಅಂತ ತೋರಿಸಿದ್ರು. ಅಷ್ಟಾಗಿ ನಲವತ್ತು ವರ್ಷ ಆದ್ರೂ ಹಳೇ ಹೆಸರು ಹೋಗಿಲ್ಲ. ಹಾಗಾಗಿ ನೆಟ್‌ನಲ್ಲಿ ನಿರೂರಿ ಅಂತ ಹುಡುಕಿ ಬರೋ ಫೋಟೋಗೆ ನಿಮ್ಮ ಗಿಡ ಹೋಲಿಸಿ ನೋಡೋದು ನಂಬೋ ಹಾಗಿಲ್ಲ.

ಇಷ್ಟೆಲ್ಲಾ ಗುರ್ತಿನ ಬಗ್ಗೆ ತಲೆ ಕೆಡಿಸ್ಕೊಳೋದು ಯಾಕಂದ್ರೆ ನಮ್ಮಲ್ಲಿ ಈ ಗಿಡ ಕಿತ್ತು ಕುಡಿಯೋದು ಕಾಮಾಲೆಗೆ. ನಮ್ಮ ಹತ್ರದ ಸಂಬಂಧಿಕರೊಬ್ರಿಗೆ ಕಣ್ಣು ಹಳದಿ ಆಗಿ, ಮೂರು ವಾರ ಬೆಳಿಗ್ಗೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಅರೆದು ಕುಡ್ದು, ಹಳದಿ ಇಳಿಯೋ ಬದ್ಲು ಏರ್ತಾ ಹೋಗಿ, ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಪಿತ್ತನಾಳದಲ್ಲಿ ಕಲ್ಲು ಸಿಕ್ಕಾಕೊಂಡಿತ್ತು. ಕಲ್ಲು ತೆಗೆದ್ಮೇಲೆ ಹುಷಾರಾದ್ರು. ಅವರ ಹಿತ್ಲಿಗೆ ಹೋಗಿ ನಾನು ಕಡ್ಡಿ ಮಗುಚಿ ನೋಡಿದೆ, ಅಷ್ಟು ದಿನ ಅರೆದಿದ್ದು ಕೆಂಪು ನೆಲನೆಲ್ಲಿ. ಅಸಲಿಯೇ ಆಗಿದ್ರೂ ಕಲ್ಲು ಹೋಗ್ತಿರ್ಲಿಲ್ಲ, ಆ ಮಾತು ಬೇರೆ. ಕಾಮಾಲೆ ಅನ್ನೋದು ಒಂದೇ ಕಾಯಿಲೆ ಅಲ್ಲ, ಹೆಪಟೈಟಿಸ್ ಎ ಅನ್ನೋ ಲಿವರ್ ಸೋಂಕಿನ ಥರದ್ದು ಬಹಳ ಜನಕ್ಕೆ ಕೆಲವು ವಾರದಲ್ಲಿ ತಾನಾಗೇ ಇಳಿಯತ್ತೆ, ಆಗ ಏನು ಕುಡ್ದಿರ್ತೀವೋ ಅದಕ್ಕೆ ಹೆಸರು ಬರತ್ತೆ. ಹೆಪಟೈಟಿಸ್ ಬಿ, ಕುಡಿತದಿಂದ ಕೆಟ್ಟ ಲಿವರ್, ಪಿತ್ತನಾಳ ಕಟ್ಟೋದು, ಇವೆಲ್ಲಾ ಕಾಯೋ ವಿಷಯ ಅಲ್ಲ.

ಗಿಡದ ಬಗ್ಗೆ ವಿಜ್ಞಾನಿಗಳು ನೋಡೇ ಇಲ್ಲ ಅಂತಲ್ಲ. ಹೆಪಟೈಟಿಸ್ ಬಿ ವೈರಸ್ ಕಂಡು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬಾರುಕ್ ಬ್ಲೂಂಬರ್ಗ್ ಇದರ ಮೇಲೆ ಆಸಕ್ತಿಯಿಂದ ಕೆಲಸ ಮಾಡಿದ್ರು. 1988ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮದ್ರಾಸಿನ ಒಂದು ಪ್ರಯೋಗದಲ್ಲಿ 30 ದಿನ ಅಮಾರಸ್ ಪುಡಿ ತಗೊಂಡ 37 ಹೆಪಟೈಟಿಸ್ ಬಿ ವಾಹಕರಲ್ಲಿ (ವೈರಸ್ ಮೈಯಲ್ಲಿ ಇಟ್ಕೊಂಡಿರೋರಲ್ಲಿ) 22 ಜನರ ರಕ್ತದಲ್ಲಿ ವೈರಸ್ಸಿನ ಗುರ್ತು ಕಾಣ್ಲಿಲ್ಲ ಅಂತ ವರದಿ ಆಯ್ತು, ಆಗ ದೊಡ್ಡ ಸುದ್ದಿ. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲಿತಾಂಶ ಮತ್ತೆ ಸಿಗ್ಲಿಲ್ಲ. ಅದಕ್ಕೇ ನಾನು ಹೇಳೋದು, ಊಟದ ಜೊತೆ ಯಾವಾಗ್ಲೋ ಒಂದು ಸಲ ತಂಬುಳಿ ಮಾಡ್ಕೊಳ್ಳಿ, ಕಣ್ಣು ಹಳದಿ ಆದ್ರೆ ಮೊದ್ಲು ಡಾಕ್ಟರ್ ಹತ್ರ ರಕ್ತ ಪರೀಕ್ಷೆಗೆ ಹೋಗಿ. ಶುಗರ್, ಬಿಪಿ ಮಾತ್ರೆ ತಗೊಳೋರು, ಬಸುರಿಯರು ಕೇಳದೇ ಕಷಾಯ ಶುರು ಮಾಡ್ಬೇಡಿ.

ಕೊಯ್ಯೋ ಜಾಗನೂ ನೋಡ್ಬೇಕು. ಇದು ಕಳೆ ಆಗಿರೋದ್ರಿಂದ ಜನ ಇದಕ್ಕೆ ಕಳೆನಾಶಕ ಹೊಡೀತಾರೆ, ತೋಟದಲ್ಲಿ ಹೊಡೆದು ನಾಲ್ಕೈದು ದಿನ ಗಿಡ ಹಸಿರಾಗೇ ಇರ್ಬೋದು, ಹೊರಗಿಂದ ಗೊತ್ತಾಗಲ್ಲ. ನಿಮ್ಮದಲ್ಲದ ತೋಟ ಆದ್ರೆ ಕೇಳಿ ಕೊಯ್ಯಿರಿ. ರಸ್ತೆ ಬದಿ, ಚರಂಡಿ ಅಂಚು ಬೇಡ. ಕಾಯಿ ಬರೋ ಮೊದ್ಲು ಎಳೇ ಗಿಡ ಕೊಯ್ಯೋದೂ ಬೇಡ, ಕಾಯಿ ಇಲ್ದೇ ಗುರ್ತು ಹಿಡಿಯೋಕೆ ನಂಗೂ ಧೈರ್ಯ ಬರಲ್ಲ, ಒಂದೆರಡು ವಾರ ಕಾದ್ರೆ ತಾನೇ ಹೇಳತ್ತೆ. ಹಾಗೇ ಇದನ್ನ ಕುಂಡದಿಂದ ತೆಗೀಬೇಕು ಅನ್ನೋರು ಮಾತ್ರ ಕಾಯಿ ಬಲಿಯೋ ಮೊದ್ಲೇ ಬೇರು ಸಮೇತ ಕಿತ್ತು ಹಾಕಿ, ಒಂದು ಸಲ ಬೀಜ ಸಿಡೀತು ಅಂದ್ರೆ ಅಕ್ಕ ಪಕ್ಕದ ಕುಂಡದಲ್ಲೆಲ್ಲಾ ಏಳತ್ತೆ.

ಗುರ್ತು ಖಚಿತ ಆದ ಮೇಲೆ ಒಂದು ಕಡ್ಡಿನ ಹಿಂಬದಿ ಮೇಲೆ ಬರೋ ಹಾಗೆ ನ್ಯೂಸ್‌ಪೇಪರ್ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ, ವಾರ ಬಿಟ್ಟು ಬಿಳಿ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ತಾರೀಕು, ಜಾಗ, ಎಸಳಿನ ಲೆಕ್ಕ ಬರೀರಿ. ಒಣಗಿದ್ಮೇಲೆ ಎಲೆ ಉದುರೋದು ಜಾಸ್ತಿ, ಅದಕ್ಕೆ ತೆಳ್ಳಗೆ ಒಂದು ಟೇಪ್ ಹಾಕಿ. ಮುಂದಿನ ಮಳೆಗಾಲದಲ್ಲಿ ಹೊಸ ಗಿಡ ಎದ್ದಾಗ ಫೋಟೋ ಹುಡ್ಕೋ ಬದ್ಲು ಆ ಹಾಳೆನ ಪಕ್ಕದಲ್ಲಿ ಹಿಡ್ಕೊಂಡು ಹೊಸ ಗಿಡದ ಒಂದು ಕಡ್ಡಿ ಮಗುಚಿ.